ಒಂದೇ ತಗಡು, ಹಲವು ಅಚ್ಚು: ಹಳೆಯ ಇಂಗ್ಲಿಷ್ ವಿಡಂಬನಾ ಚಿತ್ರಗಳ ಸಂಗ್ರಹ

1791ರ ಡಿಸೆಂಬರ್ 6ರಂದು ಲಂಡನ್ನಿನಲ್ಲಿ ಹಾನಾ ಹಂಫ್ರಿ ಎಂಬಾಕೆಯ ಚಿತ್ರದಂಗಡಿಯಿಂದ ಹೊಸ ಹಾಳೆಯೊಂದು ಮಾರಾಟಕ್ಕೆ ಬಂತು. ಶ್ರೀರಂಗಪಟ್ಟಣದ ಕೋಟೆಯ ಮೇಲೆ ಟಿಪ್ಪು ಸುಲ್ತಾನ. ಕೆಳಗೆ ಗವರ್ನರ್ ಜನರಲ್ ಲಾರ್ಡ್ ಕಾರ್ನ್‌ವಾಲಿಸ್ ತನ್ನ ದಂಡಿನೊಂದಿಗೆ ಕಾಲಿಗೆ ಬುದ್ಧಿ ಹೇಳುತ್ತಿದ್ದಾನೆ. ಟಿಪ್ಪು ಮೇಲಿನಿಂದ ಅವರ ಮೇಲೆ ಉಚ್ಚೆ ಹೊಯ್ಯುತ್ತಿದ್ದಾನೆ. ಚಿತ್ರದ ಹೆಸರು ‘ಮುಂಗಾರಿನ ಆಗಮನ, ಅಥವಾ ಶ್ರೀರಂಗಪಟ್ಟಣದಿಂದ ಪಲಾಯನ’. ಬರೆದವನು ಶತ್ರುಪಕ್ಷದವನಲ್ಲ, ಲಂಡನ್ನಿನವನೇ ಆದ ಜೇಮ್ಸ್ ಗಿಲ್ರೇ.

ಅದೇ ವರ್ಷದ ಮೇ 15ರಂದು ಅರಕೆರೆಯ ಬಳಿ ಕಾರ್ನ್‌ವಾಲಿಸ್ ಗೆದ್ದಿದ್ದ. ಗೆದ್ದೂ ಪ್ರಯೋಜನವಾಗಲಿಲ್ಲ. ಮಳೆ ಹಿಡಿದುಕೊಂಡಿತು, ಫಿರಂಗಿ ಎಳೆಯುವ ಎತ್ತುಗಳು ಸಾಲುಸಾಲಾಗಿ ಸತ್ತವು, ದಂಡಿಗೆ ಕಾಳುಕಡ್ಡಿ ಇಲ್ಲದಾಯಿತು. ಕೋಟೆ ಒಡೆಯಲೆಂದು ಹೊತ್ತು ತಂದಿದ್ದ ಭಾರಿ ಫಿರಂಗಿಗಳನ್ನು ಕನ್ನಂಬಾಡಿಯ ಬಳಿ ತಾನೇ ಹಾಳುಗೆಡವಿ ಬೆಂಗಳೂರಿನತ್ತ ತಿರುಗಿದ. ಆ ಸುದ್ದಿ ಹಡಗೇರಿ ಲಂಡನ್ ತಲುಪಿ, ತಾಮ್ರದ ಮೇಲೆ ಕುಚೋದ್ಯವಾಗಿ ಇಳಿಯುವ ಹೊತ್ತಿಗೆ ಅರ್ಧ ವರ್ಷ ಕಳೆದಿತ್ತು.

ಹೀಗೆ ಹೊರಬಂದ ಸಾವಿರಾರು ಬಿಡಿ ಹಾಳೆಗಳನ್ನು ಇಂದು ಪ್ರಪಂಚದ ಹಲವೆಡೆ ಜನ ಹುಡುಕಿ ಕೊಂಡು ಕಾಪಾಡುತ್ತಾರೆ. ಈ ಹವ್ಯಾಸದಲ್ಲಿ ಚಿತ್ರ ಚೆನ್ನಾಗಿದೆಯೇ ಎನ್ನುವುದು ಎರಡನೆಯ ಪ್ರಶ್ನೆ. ಕೈಯಲ್ಲಿರುವ ಹಾಳೆ ಯಾವಾಗ, ಯಾವ ಕಾಗದದ ಮೇಲೆ, ಯಾರ ಅಚ್ಚುಯಂತ್ರದಿಂದ ಹೊರಬಂತು ಎನ್ನುವುದೇ ಮೊದಲನೆಯದು. ಅದೇ ತಗಡಿನಿಂದ, ಅದೇ ತಾರೀಖು ಹೊತ್ತು ಬಂದ ಎರಡು ಹಾಳೆಗಳ ನಡುವೆ ಅರವತ್ತು ವರ್ಷಗಳ ಅಂತರವಿರಬಹುದು.

ಬಿಡಿ ಹಾಳೆಯ ಶತಮಾನ

ಸುಮಾರು 1730ರಿಂದ 1830ರವರೆಗಿನ ನೂರು ವರ್ಷ ಇಂಗ್ಲೆಂಡಿನಲ್ಲಿ ಬಿಡಿ ಹಾಳೆಯ ವಿಡಂಬನೆಯ ಕಾಲ. ಪತ್ರಿಕೆಯೊಳಗಿನ ವ್ಯಂಗ್ಯಚಿತ್ರ ಆಗಿನ್ನೂ ವಾಡಿಕೆಯಾಗಿರಲಿಲ್ಲ. ಒಂದು ಚಿತ್ರ ಎಂದರೆ ಒಂದು ಹಾಳೆ. ಅದಕ್ಕೊಂದು ಬೆಲೆ, ಅದನ್ನು ಕಿಟಕಿಯ ಗಾಜಿಗೆ ಅಂಟಿಸಿ ಮಾರುವ ಅಂಗಡಿ.

ಆರಂಭಕ್ಕೆ ಸಿಗುವ ದೊಡ್ಡ ಹೆಸರು ವಿಲಿಯಂ ಹೋಗಾರ್ತ್. 1732ರಲ್ಲಿ ಅವನು ಹಳ್ಳಿಯಿಂದ ಲಂಡನ್ನಿಗೆ ಬಂದು ಸೂಳೆಗಾರಿಕೆಗೆ ಬಿದ್ದ ಹುಡುಗಿಯೊಬ್ಬಳ ಕಥೆಯನ್ನು ಆರು ಚಿತ್ರಗಳಲ್ಲಿ ಹೊರತಂದ. ಚಂದಾ ಹಣ ಕೊಟ್ಟು ಕೊಂಡವರು ಬಹಳ ಜನ, ಆದರೆ ಕದ್ದು ನಕಲು ಹೊಡೆದವರೂ ಕಡಿಮೆಯೇನಲ್ಲ. ಸಿಟ್ಟಿಗೆದ್ದ ಹೋಗಾರ್ತ್ ಮತ್ತು ಅವನ ಗೆಳೆಯರು ಪಾರ್ಲಿಮೆಂಟಿನ ಬೆನ್ನುಬಿದ್ದು ಕೃತಿಸ್ವಾಮ್ಯದ ಕಾಯಿದೆ ಮಾಡಿಸಿದರು. ಅದು ಜಾರಿಗೆ ಬಂದದ್ದು 1735ರ ಜೂನ್ 25ರಂದು. ಮುಂದಿನ ಚಿತ್ರಮಾಲೆಯನ್ನು ಹೋಗಾರ್ತ್ ಆ ದಿನದವರೆಗೂ ಬೇಕೆಂದೇ ತಡೆಹಿಡಿದಿದ್ದ.

ಸಂಗ್ರಾಹಕರ ಮಟ್ಟಿಗೆ ಆ ಕಾಯಿದೆ ಮಾಡಿದ ದೊಡ್ಡ ಉಪಕಾರ ಬೇರೆಯೇ. ಹದಿನಾಲ್ಕು ವರ್ಷಗಳ ಹಕ್ಕು ಬೇಕೆಂದರೆ ಪ್ರಕಟವಾದ ದಿನವನ್ನೂ ಹಕ್ಕುದಾರನ ಹೆಸರನ್ನೂ ತಗಡಿನ ಮೇಲೆಯೇ ಕೊರೆಯಬೇಕಿತ್ತು. ಆದ್ದರಿಂದ ಈ ಚಿತ್ರಗಳ ಬುಡದಲ್ಲಿ ಸಾಮಾನ್ಯವಾಗಿ ಸಣ್ಣ ಅಕ್ಷರದ ಸಾಲೊಂದಿರುತ್ತದೆ: ಯಾವ ದಿನ, ಯಾರು, ಯಾವ ಬೀದಿಯಲ್ಲಿ ಪ್ರಕಟಿಸಿದರು ಎಂದು. ಹುಟ್ಟಿದ ಮಗುವಿನ ಜಾತಕ ತೊಟ್ಟಿಲಿಗೇ ಕಟ್ಟಿದ ಹಾಗೆ. ಇದನ್ನು ಪ್ರಕಟಣೆಯ ಸಾಲು ಎನ್ನೋಣ. ಮುಂದೆ ಮೋಸಕ್ಕೂ ದಾರಿಯಾಗುವುದು ಇದೇ ಸಾಲು.

ಅಂಗಡಿಗಳ ಕಥೆಯೂ ಸ್ವಾರಸ್ಯದ್ದು. ಪಿಕಾಡಿಲಿಯ ಎಸ್. ಡಬ್ಲ್ಯು. ಫೋರ್ಸ್ ಎಂಬ ವ್ಯಾಪಾರಿ ಚಿತ್ರಗಳ ದಪ್ಪ ಕಟ್ಟುಗಳನ್ನು ಒಂದು ಸಂಜೆಯ ಮಟ್ಟಿಗೆ ಬಾಡಿಗೆಗೆ ಕೊಡುತ್ತಿದ್ದ. ಮನೆಗೆ ನೆಂಟರು ಬಂದಾಗ ತರಿಸಿ ನಕ್ಕು ಮರುದಿನ ಹಿಂದಿರುಗಿಸಬಹುದಿತ್ತು. ಚೀಪ್‌ಸೈಡಿನ ಥಾಮಸ್ ಟೆಗ್ ಕಡಿಮೆ ಬೆಲೆಗೆ ರಾಶಿ ಮಾರಿದವನು. ಥಾಮಸ್ ರೋಲಂಡ್‌ಸನ್ನನ ಎಷ್ಟೋ ಚಿತ್ರಗಳು ಅಲ್ಲಿಂದಲೇ ಹೊರಬಂದವು. ವೆಸ್ಟ್ ಎಂಡಿನ ಅಂಗಡಿಗಳಲ್ಲಿ ಬಣ್ಣ ಹಚ್ಚಿದ ಹಾಳೆಗೆ ಎರಡು ಶಿಲಿಂಗಿನ ಆಸುಪಾಸು, ಹಚ್ಚದ್ದಕ್ಕೆ ಅದರ ಅರ್ಧ. ಕೂಲಿಕಾರನಿಗೆ ಅದು ಒಂದು ದಿನದ ಸಂಬಳದ ಮಾತು. ಆದ್ದರಿಂದ ಕೊಂಡವರು ಹಣವಂತರು. ಉಳಿದವರಿಗೆ ಕಿಟಕಿಯ ಮುಂದೆ ನಿಂತು ಪುಕ್ಕಟೆ ನೋಡುವ ಭಾಗ್ಯವಿತ್ತು. ಕೊಂಡವರಲ್ಲಿ ಕೆಲವರು ಇವನ್ನು ಗೋಡೆಗೇ ಅಂಟಿಸಿದರು. ಡರ್ಬಿಶೈರಿನ ಕಾಕ್ ಆ್ಯಬಿ ಎಂಬ ಬಂಗಲೆಯಲ್ಲಿ ಅಂಥ ಇಡೀ ಕೋಣೆಯೊಂದು ಇಂದಿಗೂ ಉಳಿದಿದೆ.

ಗಿಲ್ರೇ

ಈ ಲೋಕದಲ್ಲಿ ಗಿಲ್ರೇಗೆ ಸಾಟಿಯಿಲ್ಲ ಎನ್ನುವುದು ನನ್ನ ಅಭಿಪ್ರಾಯ. ಮಾರುಕಟ್ಟೆಯೂ ಅದನ್ನೇ ಹೇಳುತ್ತದೆ. 1756ರಲ್ಲಿ ಚೆಲ್ಸಿಯಲ್ಲಿ ಹುಟ್ಟಿದವನು. ತಂದೆ ಯುದ್ಧದಲ್ಲಿ ಕೈ ಕಳೆದುಕೊಂಡ ಸಿಪಾಯಿ. ಮಗ ಮೊದಲು ಅಕ್ಷರ ಕೊರೆಯುವ ಕೆಲಸ ಕಲಿತ, ಆಮೇಲೆ ರಾಯಲ್ ಅಕಾಡೆಮಿಯ ಶಾಲೆಗೆ ಹೋದ. 1791ರ ಹೊತ್ತಿಗೆ ಬಹುಮಟ್ಟಿಗೆ ಹಾನಾ ಹಂಫ್ರಿಗೇ ಕೆಲಸ ಮಾಡತೊಡಗಿ, ಅವಳ ಮನೆಯಲ್ಲೇ, ಅಂಗಡಿಯ ಮೇಲ್ಮಹಡಿಯಲ್ಲಿ ವಾಸವಾದ. ಮುಂದೆ ಸೇಂಟ್ ಜೇಮ್ಸ್ ಬೀದಿಯ 27ನೇ ನಂಬರಿಗೆ ಹೋದ ಆ ಅಂಗಡಿಯ ಕಿಟಕಿಯನ್ನು, ಅದರ ಮುಂದೆ ಮೈಮರೆತು ನಿಂತ ಜನರನ್ನು 1808ರ ಚಿತ್ರವೊಂದರಲ್ಲಿ ನೋಡಬಹುದು. ಮುಂಭಾಗದಲ್ಲಿ ಒಬ್ಬ ಮುದುಕ ಜಾರಿ ಬಿದ್ದಿದ್ದಾನೆ. ಕಿಟಕಿ ನೋಡುತ್ತಿರುವ ಯಾರೂ ಅವನತ್ತ ತಿರುಗಿಲ್ಲ.

ಅವನ ಅತಿ ಪ್ರಸಿದ್ಧ ಹಾಳೆ 1805ರ ಫೆಬ್ರವರಿ 26ರದು. ಇಂಗ್ಲೆಂಡಿನ ಪ್ರಧಾನಿ ಪಿಟ್ ಮತ್ತು ನೆಪೋಲಿಯನ್ ಊಟದ ಮೇಜಿನ ಎದುರುಬದಿರು ಕೂತು ಭೂಗೋಳವನ್ನೇ ಕಡುಬಿನಂತೆ ಕೊಯ್ದುಕೊಳ್ಳುತ್ತಿದ್ದಾರೆ. ಪಿಟ್‌ಗೆ ಸಮುದ್ರ, ನೆಪೋಲಿಯನ್ನನಿಗೆ ಯೂರೋಪ್. ಎರಡು ನೂರು ವರ್ಷಗಳಿಂದ ವ್ಯಂಗ್ಯಚಿತ್ರಕಾರರು ಇದನ್ನು ತಮ್ಮ ತಮ್ಮ ಕಾಲದ ನಾಯಕರ ಮುಖ ಹಾಕಿ ಮತ್ತೆ ಮತ್ತೆ ಬರೆದಿದ್ದಾರೆ. ಹಂಫ್ರಿಯ ಕಾಲದ, ಆಗಲೇ ಬಣ್ಣ ಹಚ್ಚಿದ ಒಳ್ಳೆಯ ಪ್ರತಿ ಹರಾಜಿಗೆ ಬಂದರೆ ಸಾವಿರಾರು ಪೌಂಡುಗಳ ಮಾತು.

ಗಿಲ್ರೇ ನಿಷ್ಪಕ್ಷಪಾತಿ ಎಂದುಕೊಳ್ಳುವುದು ಬೇಡ. 1797ರಿಂದ ಕೆಲ ಕಾಲ ಸರ್ಕಾರದ ಪಕ್ಷ ಅವನಿಗೆ ವರ್ಷಕ್ಕೆ 200 ಪೌಂಡ್ ಪಿಂಚಣಿ ಕೊಡುತ್ತಿತ್ತು. ಆ ವರ್ಷಗಳ ಚಿತ್ರಗಳಲ್ಲಿ ಏಟು ಹೆಚ್ಚಾಗಿ ಬೀಳುವುದು ವಿರೋಧ ಪಕ್ಷದ ಬೆನ್ನಿಗೆ. ಕೊನೆಕೊನೆಗೆ ಕಣ್ಣು ಮಂಜಾಯಿತು, ಬುದ್ಧಿ ಸ್ಥಿಮಿತ ತಪ್ಪಿತು. 1815ರಲ್ಲಿ ಸಾಯುವವರೆಗೂ ನೋಡಿಕೊಂಡವಳು ಹಂಫ್ರಿಯೇ.

ಇನ್ನೂ ಒಂದು ಮೋಜು: ಗೇಲಿಗೆ ಒಳಗಾದವರೇ ದೊಡ್ಡ ಗಿರಾಕಿಗಳು. ಯುವರಾಜನಾಗಿದ್ದ, ಮುಂದೆ ನಾಲ್ಕನೆಯ ಜಾರ್ಜ್ ಆದವನನ್ನು ಗಿಲ್ರೇ 1792ರಲ್ಲಿ ಹೊಟ್ಟೆ ಬಿರಿಯೆ ತಿಂದು ಹಲ್ಲು ಚುಚ್ಚಿಕೊಳ್ಳುತ್ತಾ ಕೂತ ಭೋಗಿಯನ್ನಾಗಿ ಬರೆದ. ಆ ಯುವರಾಜ ಇಂಥ ಚಿತ್ರಗಳನ್ನು ಕಟ್ಟುಗಟ್ಟಲೆ ಕೊಳ್ಳುತ್ತಿದ್ದ. ಪಟ್ಟಕ್ಕೆ ಬಂದ 1820ರಲ್ಲಿ ಮಾತ್ರ ನಗು ಬತ್ತಿತು. ತನ್ನನ್ನು ಅಶ್ಲೀಲವಾಗಿ ಚಿತ್ರಿಸಬಾರದು ಎಂಬ ಕರಾರಿನ ಮೇಲೆ ಜಾರ್ಜ್ ಕ್ರೂಕ್‌ಶ್ಯಾಂಕ್ ಎಂಬ ಚಿತ್ರಕಾರನಿಗೆ 100 ಪೌಂಡ್ ಸಂದಾಯವಾಯಿತು. ವಿಂಡ್ಸರ್ ಅರಮನೆಯಲ್ಲಿ ಕೂಡಿಬಿದ್ದಿದ್ದ ಸುಮಾರು 10,000 ಹಾಳೆಗಳನ್ನು 1921ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಕೊಂಡುಕೊಂಡಿತು. ಇಂಗ್ಲೆಂಡಿನ ರಾಜರನ್ನು ಹೀಯಾಳಿಸಿದ ಹಾಳೆಗಳು ಹೀಗೆ ವಾಷಿಂಗ್ಟನ್ ಸೇರಿದವು.

ಕಂಪನಿಯ ಕಾರುಬಾರು ಲೇವಡಿಗೆ ಸಿಕ್ಕಾಗ

ಭಾರತದ ಸಂಗ್ರಾಹಕನಿಗೆ ಎಲ್ಲವನ್ನೂ ಕೂಡಿಡುವ ಹಟಕ್ಕಿಂತ ಈಸ್ಟ್ ಇಂಡಿಯಾ ಕಂಪನಿಯ ಎಳೆಯೊಂದನ್ನೇ ಹಿಡಿದು ಹೋಗುವುದು ಒಳ್ಳೆಯದು. ಅದರಲ್ಲೇ ಬೇಕಾದಷ್ಟು ಸರಕಿದೆ.

1783ರ ಡಿಸೆಂಬರ್ 5ರಂದು ಜೇಮ್ಸ್ ಸೇಯರ್ಸ್ ಎಂಬ ವಕೀಲ ಹೊರತಂದ ಚಿತ್ರದಲ್ಲಿ ಚಾರ್ಲ್ಸ್ ಜೇಮ್ಸ್ ಫಾಕ್ಸ್ ಎಂಬ ಮಂತ್ರಿ ‘ಕಾರ್ಲೋ ಖಾನ್’ ಆಗಿದ್ದಾನೆ. ಪೂರ್ವದೇಶದ ದೊರೆಯ ವೇಷ, ಕೆಳಗೊಂದು ಆನೆ. ಆನೆಗೆ ಅವನ ಸಹಮಂತ್ರಿ ಲಾರ್ಡ್ ನಾರ್ತನ ಮುಖ. ಮುಂದೆ ಕಹಳೆ ಊದುತ್ತಾ ಫಾಕ್ಸನ ಪಕ್ಷದ ಎಡ್ಮಂಡ್ ಬರ್ಕ್. ಮೆರವಣಿಗೆ ಹೊರಟಿರುವುದು ಕಂಪನಿಯ ಕಚೇರಿಯಿದ್ದ ಲೆಡನ್‌ಹಾಲ್ ಬೀದಿಗೆ. ಕಂಪನಿಯನ್ನು ಪಾರ್ಲಿಮೆಂಟ್ ನೇಮಿಸಿದವರ ಕೈಗೆ ಒಪ್ಪಿಸುವ ಮಸೂದೆಯನ್ನು ಫಾಕ್ಸ್ ಆಗ ತಂದಿದ್ದ. ಅದೇ ತಿಂಗಳು ಮಸೂದೆ ಮೇಲ್ಮನೆಯಲ್ಲಿ ಬಿತ್ತು, ಹಿಂದೆಯೇ ಸರ್ಕಾರವೂ ಹೋಯಿತು. ಪಾರ್ಲಿಮೆಂಟಿನ ಚರ್ಚೆಗಳಿಗಿಂತ ಸೇಯರ್ಸನ ಚಿತ್ರಗಳೇ ತನಗೆ ಹೆಚ್ಚು ಪೆಟ್ಟು ಕೊಟ್ಟವು ಎಂದು ಫಾಕ್ಸ್ ಹೇಳಿಕೊಂಡನಂತೆ. ಅಧಿಕಾರಕ್ಕೆ ಬಂದ ಪಿಟ್, ಸೇಯರ್ಸನಿಗೆ ಸರ್ಕಾರಿ ಹುದ್ದೆಯೊಂದನ್ನು ದಯಪಾಲಿಸಿದ.

ಆಮೇಲೆ ಭಾರತದಲ್ಲಿ ಕಂಪನಿಯ ಗವರ್ನರ್ ಜನರಲ್ ಆಗಿದ್ದ ವಾರನ್ ಹೇಸ್ಟಿಂಗ್ಸ್‌ನ ಸರದಿ. 1786ರ ಮೇ 11ರ ಗಿಲ್ರೇ ಚಿತ್ರದಲ್ಲಿ ಅವನು ಒಂಟೆಯ ಮೇಲೆ ಕೂತಿದ್ದಾನೆ. ಬರ್ಕ್, ಫಾಕ್ಸ್, ನಾರ್ತ್ ಮೂವರೂ ದರೋಡೆಕೋರರಂತೆ ಮೇಲೆ ಬೀಳುತ್ತಿದ್ದಾರೆ. ಭಾರತದಲ್ಲಿನ ಆಡಳಿತದ ಬಗ್ಗೆ ಪಾರ್ಲಿಮೆಂಟಿನಲ್ಲಿ 1788ರಲ್ಲಿ ಶುರುವಾದ ಹೇಸ್ಟಿಂಗ್ಸ್‌ನ ವಿಚಾರಣೆ ಮುಗಿದದ್ದು 1795ರಲ್ಲಿ. ಅಷ್ಟು ವರ್ಷ ಅಂಗಡಿಗಳಿಗೆ ಸರಕಿನ ಬರವಿರಲಿಲ್ಲ. ಮೈಸೂರು ಯುದ್ಧಗಳ ಚಿತ್ರಗಳು ಈ ಸಾಲಿನ ಮುಂದುವರಿಕೆ. ಇವುಗಳಲ್ಲಿ ಭಾರತ ಒಂದು ನೆಪ, ಗುರಿ ಯಾವಾಗಲೂ ಲಂಡನ್ನಿನ ರಾಜಕೀಯ ಎಂಬುದನ್ನು ನೆನಪಿಡಬೇಕು. ಟಿಪ್ಪುವಿನ ಮೇಲಿನ ಅಭಿಮಾನದಿಂದ ಗಿಲ್ರೇ ಬರೆಯಲಿಲ್ಲ.

ತಗಡಿನಿಂದ ಕಾಗದಕ್ಕೆ

ಬಹುಪಾಲು ಚಿತ್ರಗಳು ಎಚ್ಚಿಂಗ್ ವಿಧಾನದವು. ನಯಗೊಳಿಸಿದ ತಾಮ್ರದ ತಗಡಿಗೆ ಮೇಣದ ತೆಳು ಲೇಪ ಕೊಟ್ಟು, ಸೂಜಿಯಿಂದ ಗೀರಿ, ತಗಡನ್ನು ಆಮ್ಲದಲ್ಲಿ ಅದ್ದುತ್ತಾರೆ. ಗೀರಿದಲ್ಲಿ ಮಾತ್ರ ತಾಮ್ರ ಕೊರೆದುಹೋಗುತ್ತದೆ. ಮೇಣ ತೆಗೆದು ಮಸಿ ತುಂಬಿ, ಮೇಲ್ಮೈ ಒರೆಸಿ, ಒದ್ದೆ ಕಾಗದವಿಟ್ಟು ಉರುಳೆಗಳ ನಡುವೆ ಬಿಗಿಯಾಗಿ ಹಾಯಿಸಿದರೆ ಗೆರೆಯೊಳಗಿನ ಮಸಿ ಕಾಗದಕ್ಕೆ ಬರುತ್ತದೆ. ಚಿತ್ರ ಎಡಬಲ ಅದಲುಬದಲಾಗುವುದರಿಂದ ಅಕ್ಷರಗಳನ್ನೆಲ್ಲ ತಿರುಗುಮುರುಗಾಗಿ ಕೊರೆಯಬೇಕು. ಗಿಲ್ರೇ ಅಕ್ಷರ ಕೊರೆದು ಬೆಳೆದವನಾದ್ದು ಇಲ್ಲಿ ಉಪಯೋಗಕ್ಕೆ ಬಂತು.

ತಾಮ್ರ ಮೆತ್ತನೆಯ ಲೋಹ. ಅಚ್ಚು ತೆಗೆದಂತೆ ನವಿರಾದ ಗೆರೆಗಳು ಮೊದಲು ಸವೆಯುತ್ತವೆ: ಕೆನ್ನೆಯ ನೆರಳು, ಬಟ್ಟೆಯ ಮಡಿಕೆ, ದೂರದ ಮೋಡ. ಮೊದಮೊದಲ ಅಚ್ಚಿನಲ್ಲಿ ಕಪ್ಪು ದಟ್ಟವಾಗಿ, ಗೆರೆ ಮುಟ್ಟಿದರೆ ಉಬ್ಬು ತಿಳಿಯುವಂತಿರುತ್ತದೆ. ಕೊನೆಯವು ಬೂದುಬಣ್ಣಕ್ಕೆ ತಿರುಗಿ ಸಪ್ಪೆಯಾಗುತ್ತವೆ.

ಮೊದಲ ಅಚ್ಚೋ, ಮರು ಅಚ್ಚೋ?

ಇಡೀ ಹವ್ಯಾಸದ ಗಂಟು ಇಲ್ಲಿದೆ. ಚಿತ್ರಕಾರ ಸತ್ತರೂ ತಗಡು ಸಾಯುವುದಿಲ್ಲ. ಹೋಗಾರ್ತ್ 1764ರಲ್ಲಿ ತೀರಿಕೊಂಡ ಮೇಲೆ ಅವನ ಹೆಂಡತಿ ಜೇನ್ ಅಚ್ಚು ತೆಗೆಸಿ ಮಾರಿದಳು. ಆಮೇಲೆ ತಗಡುಗಳು ಬಾಯ್ಡೆಲ್ ಎಂಬ ಪ್ರಕಾಶಕನಿಗೆ ಹೋದವು. 1822ರಲ್ಲಿ ಜೇಮ್ಸ್ ಹೀತ್ ಎಂಬ ಕೊರೆಗಾರ ಸವೆದ ಗೆರೆಗಳನ್ನು ತಿದ್ದಿ ಮತ್ತೆ ಅಚ್ಚಿಗೆ ಕೊಟ್ಟ. ಇಂದು ಅಂಗಡಿಗಳಲ್ಲಿ ಸುಲಭವಾಗಿ ಸಿಗುವ ಹೋಗಾರ್ತ್ ಹಾಳೆಗಳಲ್ಲಿ ಹೆಚ್ಚಿನವು ಇಂಥ ತಡವಾದ ಅಚ್ಚುಗಳೇ.

ಗಿಲ್ರೇಯ ತಗಡುಗಳ ಕಥೆಯೂ ಹಾಗೆಯೇ. 1830ರಲ್ಲಿ ಥಾಮಸ್ ಮೆಕ್ಲೀನ್ ಒಂದು ಸಂಪುಟ ತಂದ. ಆಮೇಲೆ ಹೆನ್ರಿ ಬೋನ್ ಎಂಬ ಪ್ರಕಾಶಕ ಉಳಿದ ತಗಡುಗಳನ್ನು ಕೊಂಡು 1851ರ ಹೊತ್ತಿಗೆ ದೊಡ್ಡ ಗ್ರಂಥವಾಗಿಯೇ ಅಚ್ಚುಹಾಕಿಸಿದ. ಮರ್ಯಾದಸ್ಥರ ಮನೆಗೆ ತಗದು ಎನಿಸಿದ ಚಿತ್ರಗಳು ಬೇರೆಯೇ ಒಂದು ತೆಳು ಸಂಪುಟದಲ್ಲಿ ಬಂದವು. ಈ ಪುಸ್ತಕಗಳನ್ನು ಬಿಚ್ಚಿ ಹಾಳೆ ಹಾಳೆಯಾಗಿ ಮಾರುವ ವ್ಯಾಪಾರ ಇಂದಿಗೂ ನಡೆದಿದೆ. ತಗಡಿನಲ್ಲಿ 1791 ಎಂದಿದ್ದರೆ ಬೋನ್ ಅಚ್ಚಿನಲ್ಲೂ 1791 ಎಂದೇ ಬರುತ್ತದೆ. ಮಾರುವವನು ‘1791ರ ಮೂಲ ಗಿಲ್ರೇ’ ಎಂದರೆ ಅಕ್ಷರಶಃ ಸುಳ್ಳಲ್ಲ, ನಿಜವಂತೂ ಮೊದಲೇ ಅಲ್ಲ.

ಬೋನ್ ಹಾಳೆಯನ್ನು ಗುರುತಿಸುವುದು ಕಷ್ಟವಲ್ಲ. ಕಾಗದ ದಪ್ಪ, ಬಿಳಿ. ಸಾಮಾನ್ಯವಾಗಿ ಎರಡೂ ಮಗ್ಗುಲಲ್ಲಿ ಅಚ್ಚಿರುತ್ತದೆ. ಬಲ ಮೇಲ್ಮೂಲೆಯಲ್ಲಿ ಸಂಪುಟದ ಅನುಕ್ರಮ ಸಂಖ್ಯೆ. ಬೆನ್ನ ಹಿಂದೆ ಇನ್ನೊಂದು ಚಿತ್ರ ಕಂಡರೆ ಹಂಫ್ರಿಯ ಅಂಗಡಿಯದಲ್ಲ ಎಂದು ತಿಳಿಯಬೇಕು. ಆ ಸಂಖ್ಯೆಯನ್ನು ಕೆರೆದು ತೆಗೆದಿರುವುದೂ ಉಂಟು, ಆದ್ದರಿಂದ ಆ ಮೂಲೆಯನ್ನು ಭೂತಗನ್ನಡಿಯಲ್ಲಿ ನೋಡದೆ ದುಡ್ಡು ಕೊಡಬಾರದು. ಹಾಗೆಂದು ನಾನು ಬೋನ್ ಹಾಳೆಗಳನ್ನು ಕೀಳು ಎನ್ನಲಾರೆ. ಗಿಲ್ರೇ ಕೈಯಾರೆ ಗೀರಿದ ತಗಡಿನಿಂದಲೇ ಬಂದದ್ದು ಅದು. ಬೋನ್ ಎಂದೇ ಹೇಳಿ ಬೋನ್‌ನ ಬೆಲೆಗೆ ಕೊಟ್ಟರೆ ಕಲಿಯುವವನಿಗೆ ಅದಕ್ಕಿಂತ ಒಳ್ಳೆಯ ಆರಂಭವಿಲ್ಲ.

ಕಾಗದವನ್ನು ಬೆಳಕಿಗೆ ಹಿಡಿದರೆ ಇನ್ನಷ್ಟು ತಿಳಿಯುತ್ತದೆ. ಹಳೆಯ ಕಾಗದದಲ್ಲಿ ತಂತಿಯ ಜರಡಿಯ ಒತ್ತೊತ್ತಾದ ಗೆರೆಗಳೂ, ಅವಕ್ಕೆ ಅಡ್ಡಲಾಗಿ ಬೆರಳಗಲದ ಅಂತರದ ಗೆರೆಗಳೂ ಕಾಣುತ್ತವೆ. ಇದು ಲೇಯ್ಡ್ ಕಾಗದ. ಜೇಮ್ಸ್ ವಾಟ್‌ಮನ್‌ನ ಗಿರಣಿಯಿಂದ 1750ರ ದಶಕದಲ್ಲಿ ಹೊರಬಂದ, ಆ ಗೆರೆಗಳಿಲ್ಲದ ನಯವಾದ ವೋವ್ ಕಾಗದ ನಿಧಾನವಾಗಿ ಬಳಕೆಗೆ ಬಂತು. 1794ರ ನಂತರ ಸುಂಕದ ನಿಯಮದಿಂದಾಗಿ ಇಂಗ್ಲೆಂಡಿನ ಗಿರಣಿಗಳು ವಾಟರ್‌ಮಾರ್ಕಿನಲ್ಲಿ ವರ್ಷವನ್ನೂ ಹಾಕತೊಡಗಿದವು. ಸಂಗ್ರಾಹಕರಿಗೆ ಅದು ಕೂತಲ್ಲೇ ಸಿಕ್ಕ ಸಾಕ್ಷಿ. ಪ್ರಕಟಣೆಯ ಸಾಲಿನಲ್ಲಿ 1797 ಇದ್ದು ಕಾಗದದೊಳಗೆ 1815 ಎಂದು ಮೂಡಿದ್ದರೆ, ಸುಳ್ಳು ಹೇಳುವುದು ಕಾಗದವಲ್ಲ.

ಅಂಚು ಇನ್ನೊಂದು ವಿಷಯ. ತಗಡಿನ ಒತ್ತು ಕಾಗದದ ಮೇಲೆ ಚೌಕಾಕಾರದ ತಗ್ಗು ಗುರುತು ಬಿಡುತ್ತದೆ. ಅದರಾಚೆ ಸ್ವಲ್ಪವಾದರೂ ಖಾಲಿ ಕಾಗದ ಉಳಿದಿರಬೇಕು. ಹಳೆಯ ಮಾಲೀಕರು ಆಲ್ಬಮ್ಮಿಗೆ ಅಂಟಿಸುವಾಗ ಗುರುತಿನೊಳಕ್ಕೇ ಕತ್ತರಿ ಆಡಿಸಿ ಪ್ರಕಟಣೆಯ ಸಾಲನ್ನೇ ಹಾರಿಸಿರುವುದು ಸಾಮಾನ್ಯ. ಅಂಥದ್ದರ ಬೆಲೆ ಬಿದ್ದುಹೋಗುತ್ತದೆ. ಭೂತಗನ್ನಡಿಯಲ್ಲಿ ಗೆರೆಗಳ ಬದಲು ಚುಕ್ಕಿಗಳ ಜಾಲ ಕಂಡರೆ ಚರ್ಚೆಯೇ ಬೇಡ, ಅದು ಆಧುನಿಕ ಮುದ್ರಣ.

ಬಣ್ಣ

ಬಣ್ಣವೆಲ್ಲ ಕುಂಚದಿಂದ ಕೈಯಲ್ಲಿ ಹಚ್ಚಿದ್ದು; ಮಾದರಿಯೊಂದನ್ನು ಮುಂದಿಟ್ಟುಕೊಂಡು ಕೆಲಸಗಾರರು ಹಾಳೆಯಿಂದ ಹಾಳೆಗೆ ಹಚ್ಚುತ್ತಾ ಹೋಗುತ್ತಿದ್ದರು. ಆದ್ದರಿಂದ ಒಂದೇ ಚಿತ್ರದಲ್ಲಿ ಒಬ್ಬನ ಕೋಟು ಒಂದು ಪ್ರತಿಯಲ್ಲಿ ನೀಲಿ, ಇನ್ನೊಂದರಲ್ಲಿ ಕಂದು. ಬಣ್ಣ ಹಚ್ಚಿದ್ದಕ್ಕೆ ಬೆಲೆ ಹೆಚ್ಚಾದ್ದರಿಂದ ಕಪ್ಪು-ಬಿಳುಪು ಹಾಳೆಗೆ ಈಚೆಗೆ ಬಣ್ಣ ಬಳಿದು ಮಾರುವವರಿದ್ದಾರೆ. ಹಳೆಯ ತಾಮ್ರದ ಹಸಿರು ಕಾಗದವನ್ನು ತಿನ್ನುತ್ತಾ ಹೋಗಿ ಬೆನ್ನಲ್ಲಿ ಕಂದು ಕಲೆಯಾಗಿ ಮೂಡುತ್ತದೆ. ಹಾಳೆಯನ್ನು ತಿರುವಿ ನೋಡುವ ಅಭ್ಯಾಸ ಇದ್ದವನು ಮೋಸ ಹೋಗುವುದು ಕಡಿಮೆ.

ನಂಬರು ಹಚ್ಚಿದವರು

1868ರಲ್ಲಿ ಬ್ರಿಟಿಷ್ ಮ್ಯೂಸಿಯಂ ಎಡ್ವರ್ಡ್ ಹಾಕಿನ್ಸ್ ಎಂಬವರ ದೊಡ್ಡ ಸಂಗ್ರಹವನ್ನು ಕೊಂಡಿತು. ಅಲ್ಲಿನ ವಿಡಂಬನಾ ಚಿತ್ರಗಳಿಗೆ ಎಫ್. ಜಿ. ಸ್ಟೀಫನ್ಸ್ 1870ರಲ್ಲಿ ಕ್ಯಾಟಲಾಗು ಶುರುಮಾಡಿ ನಾಲ್ಕು ಸಂಪುಟ ಮುಗಿಸಿದರು. ಅರ್ಧ ಶತಮಾನ ಮಲಗಿದ್ದ ಆ ಕೆಲಸವನ್ನು ಎತ್ತಿಕೊಂಡವರು ಡೊರೊಥಿ ಜಾರ್ಜ್ ಎಂಬ ಇತಿಹಾಸಕಾರ್ತಿ. 1935ರಿಂದ 1954ರವರೆಗೆ ಏಳು ಸಂಪುಟ. ಎರಡೂ ಸೇರಿ 1832ರವರೆಗಿನ 17,000ಕ್ಕೂ ಹೆಚ್ಚು ಚಿತ್ರಗಳು. ಯಾವ ಮುಖ ಯಾರದು, ಯಾವ ಮಾತು ಯಾವ ಹಗರಣದ್ದು ಎಂದು ಒಂದೊಂದಕ್ಕೂ ಆಕೆ ಬರೆದ ಟಿಪ್ಪಣಿಗಳು ಇಲ್ಲದಿದ್ದರೆ ಇವುಗಳಲ್ಲಿ ಎಷ್ಟೋ ನಗೆಚಾಟಿಕೆ ಇಂದು ನಮಗೆ ಬರಿಯ ಒಗಟು. ವ್ಯಾಪಾರಿಗಳ ಪಟ್ಟಿಯಲ್ಲಿ ಚಿತ್ರದ ಮುಂದೆ ಕಾಣುವ ‘ಬಿ.ಎಂ.’ ಸಂಖ್ಯೆ ಈ ಕ್ಯಾಟಲಾಗಿನದು. ಬ್ರಿಟಿಷ್ ಮ್ಯೂಸಿಯಮ್ಮಿನ ಮತ್ತು ಯೇಲ್ ವಿಶ್ವವಿದ್ಯಾಲಯದ ಲೂಯಿಸ್ ವಾಲ್ಪೋಲ್ ಲೈಬ್ರರಿಯ ಹಾಳೆಗಳು ಈಗ ಅಂತರಜಾಲದಲ್ಲಿ ಪುಕ್ಕಟೆ ಸಿಗುತ್ತವೆ. ಕೊಳ್ಳುವ ಮುನ್ನ ಅಲ್ಲಿನ ಪ್ರತಿಯೊಂದಿಗೆ ಗೆರೆಗೆ ಗೆರೆ ಹೋಲಿಸಿದರೆ ಕದ್ದ ನಕಲು ಸಿಕ್ಕಿಬೀಳುತ್ತದೆ.

ಕಡಿಮೆ ದುಡ್ಡಿನ ದಾರಿಗಳು

ಗಿಲ್ರೇ ಕೈಗೆಟುಕದವರಿಗೆ ‘ವ್ಯಾನಿಟಿ ಫೇರ್’ ವಾರಪತ್ರಿಕೆಯ ಬಣ್ಣದ ಹಾಳೆಗಳಿವೆ. 1869ರಿಂದ 1914ರವರೆಗೆ ವಾರಕ್ಕೊಬ್ಬ ಗಣ್ಯನ ಚಿತ್ರ. ‘ಏಪ್’ ಮತ್ತು ‘ಸ್ಪೈ’ ಎಂಬ ಗುಪ್ತನಾಮದವರು ಬಹಳಷ್ಟನ್ನು ಬರೆದರು. ಕಲ್ಲಚ್ಚಿನಲ್ಲಿ ಬಣ್ಣಬಣ್ಣವಾಗಿ ಸಾವಿರಗಟ್ಟಲೆ ಅಚ್ಚಾದವು, ಆದ್ದರಿಂದ ಸಾಧಾರಣ ಹಾಳೆಗಳು ಹತ್ತಾರು ಪೌಂಡುಗಳಿಗೇ ದೊರೆಯುತ್ತವೆ. ಕುಟುಕು ಮಾತ್ರ ಕಡಿಮೆ. ಬರೆಸಿಕೊಂಡವರೇ ಮನೆಯಲ್ಲಿ ತೂಗುಹಾಕಿಕೊಳ್ಳುವಷ್ಟು ಸೌಮ್ಯ.

ಕುಟುಕು ಬೇಕಾದವರು ಫ್ರಾನ್ಸಿನ ಒನೊರೆ ದೋಮಿಯೆಯ ಕಡೆ ಹೋಗಬೇಕು. ಅವನ ಕಲ್ಲಚ್ಚಿನ ಚಿತ್ರಗಳು ಸುಮಾರು 4,000. ರಾಜ ಲೂಯಿ ಫಿಲಿಪ್ಪನನ್ನು ಜನರ ತೆರಿಗೆ ನುಂಗುವ ಹೊಟ್ಟೆಬಾಕನಾಗಿ ಬರೆದದ್ದಕ್ಕೆ 1832ರಲ್ಲಿ ಜೈಲಿಗೂ ಹೋದ. ಪತ್ರಿಕೆಗೆ ಅಚ್ಚಾದ ಹಾಳೆಗಳ ಬೆನ್ನಲ್ಲಿ ಸುದ್ದಿಯ ಅಕ್ಷರಗಳಿರುತ್ತವೆ. ಸಂಗ್ರಾಹಕರಿಗೆಂದು ಬಿಳಿ ಕಾಗದದ ಮೇಲೆ ತೆಗೆದ ಕೆಲವೇ ಪ್ರತಿಗಳಿಗೆ ಬೆಲೆ ಹಲವು ಪಟ್ಟು.

ನಮ್ಮ ಹವೆ, ನಮ್ಮ ಕಾನೂನು

ಲಂಡನ್ನಿನ ಚಳಿಯಲ್ಲಿ ಇನ್ನೂರು ವರ್ಷ ಬಾಳಿದ ಕಾಗದ ಮಂಗಳೂರಿನ ಒಂದು ಮಳೆಗಾಲಕ್ಕೆ ಬೂಷ್ಟು ಹಿಡಿಯಬಹುದು. ಕಾಗದದ ಶತ್ರುಗಳು ತೇವ, ಬೆಳಕು, ಬೆಳ್ಳಿಹುಳ, ಗೆದ್ದಲು. ಇವಕ್ಕಿಂತ ದೊಡ್ಡವನು ಚೌಕಟ್ಟು ಹಾಕುವವನು. ರಟ್ಟಿಗೆ ಫೆವಿಕಾಲ್ ಬಳಿದು ಹಾಳೆಯನ್ನು ಒತ್ತಿ ಕೂರಿಸಿದರೆ, ಅಥವಾ ‘ಬಾಳಿಕೆ ಬರುತ್ತೆ ಸಾರ್’ ಎಂದು ಲ್ಯಾಮಿನೇಷನ್ ಮಾಡಿದರೆ, ಅದರ ಕಥೆ ಅಲ್ಲಿಗೆ ಮುಗಿಯಿತು. ಆಮ್ಲವಿಲ್ಲದ ರಟ್ಟು, ಗೋಧಿ ಪಿಷ್ಟದ ಅಂಟು, ಜಪಾನೀ ಕಾಗದದ ಸಣ್ಣ ಕೀಲು, ಇಷ್ಟೇ ಬೇಕಾದ್ದು. ಗಾಜು ಹಾಳೆಗೆ ತಾಗಬಾರದು. ಮ್ಯೂಸಿಯಮ್ಮುಗಳು ಇಂಥವನ್ನು 50 ಲಕ್ಸ್‌ನಷ್ಟು ಮಂದ ಬೆಳಕಿನಲ್ಲಿ, ಅದೂ ಕೆಲವು ತಿಂಗಳು ಮಾತ್ರ ತೋರಿಸುತ್ತವೆ. ಮನೆಯಲ್ಲಿ ಪೆಟ್ಟಿಗೆಯೊಳಗೆ ಮಲಗಿಸಿಟ್ಟು ಬೇಕಾದಾಗ ತೆಗೆದು ನೋಡುವುದೇ ಲೇಸು.

ಕೊಂಡ ರಸೀದಿಯನ್ನು ಹಾಳೆಯಷ್ಟೇ ಜೋಪಾನ ಮಾಡಬೇಕು. 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯಿದೆಯ ಪ್ರಕಾರ ನೂರು ವರ್ಷ ದಾಟಿದ ಕಲಾಕೃತಿ ಪ್ರಾಚ್ಯವಸ್ತು. ಅದನ್ನು ವ್ಯಾಪಾರವಾಗಿ ಮಾರುವವರಿಗೆ ಲೈಸೆನ್ಸ್ ಬೇಕು. ಖಾಸಗಿಯವರು ದೇಶದ ಹೊರಗೆ ಸಾಗಿಸುವಂತಿಲ್ಲ. ವಿದೇಶದಲ್ಲಿರುವ ಮಕ್ಕಳಿಗೆ ಉಡುಗೊರೆ ಒಯ್ಯುವ ಯೋಚನೆಯಿದ್ದವರು ಇದನ್ನು ಮೊದಲೇ ತಿಳಿದಿರಬೇಕು. ಭಾರತದ್ದೇ ಬೇಕೆಂದು ಹುಡುಕುವವರು ಸಾಮಾನ್ಯವಾಗಿ ಮುಟ್ಟುವುದು ಗಗನೇಂದ್ರನಾಥ ಟಾಗೋರರ ಕಲ್ಲಚ್ಚಿನ ಆಲ್ಬಮ್ಮುಗಳನ್ನು: 1917ರ ‘ಅದ್ಭುತ ಲೋಕ’, 1921ರ ‘ನವ ಹುಲ್ಲೋಡ’. ಸಾಹೇಬರ ವೇಷ ತೊಟ್ಟ ಬಾಬುಗಳನ್ನೂ ಪುರೋಹಿತರನ್ನೂ ಅವರು ಬಿಟ್ಟವರಲ್ಲ. ಇವರ ಕೃತಿಗಳನ್ನು ಸರ್ಕಾರ ಕಲಾನಿಧಿಗಳೆಂದು ಘೋಷಿಸಿರುವುದರಿಂದ, ನೂರು ವರ್ಷ ತುಂಬಿರಲಿ ಬಿಡಲಿ, ಅವುಗಳಿಗೂ ಗಡಿ ದಾಟುವ ಅನುಮತಿಯಿಲ್ಲ.